ಗರಗಸಕ್ಕೂ ಬೆರಳಿಗೂ ನಡುವೆ

ನಾನು ಒಂದು ತಳ್ಳುಕೋಲು. ಹಳಿಯಾಳದ ಕಾಳಪ್ಪ ಬಡಿಗೇರ, ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ಸಾಗವಾನಿ ತುಂಡಿನಿಂದ ನನ್ನನ್ನು ಮಾಡಿದ. ಒಂದು ತುದಿಗೆ ಹಿಡಿಕೆ, ಇನ್ನೊಂದು ತುದಿಗೆ ಹಲಗೆಯನ್ನು ಹಿಡಿಯುವ ಕಚ್ಚು. ಅವನ ಕಾರ್ಖಾನೆಗೆ ಆಗತಾನೇ ಕರೆಂಟಿನ ಗರಗಸ ಬಂದಿತ್ತು. ಮೇಜಿನ ನಡುವೆ ಅದರ ಹಲ್ಲಿನ ಚಕ್ರ ಗಿರ್ರನೆ ತಿರುಗುತ್ತಿತ್ತು. ಹಲಗೆಯನ್ನು ತಳ್ಳುತ್ತ ಹೋದಂತೆ ಕೈ ಚಕ್ರದ ಸಮೀಪಕ್ಕೆ ಬರುತ್ತದೆ. ಅಲ್ಲಿ ಕೈ ಹಿಂದೆ ಸರಿಯಬೇಕು, ನಾನು ಮುಂದೆ ಹೋಗಬೇಕು. ನಾನು ಹುಟ್ಟಿದ್ದು ಇಷ್ಟಕ್ಕೇ.

ಕಾಳಪ್ಪ ನಾನಿಲ್ಲದೆ ಗುಂಡಿ ಒತ್ತುತ್ತಿರಲಿಲ್ಲ. ಅವನ ತಮ್ಮ ಮೋನಪ್ಪನಿಗೆ ನಾನೆಂದರೆ ತಾತ್ಸಾರ. ಅವನದು ಚುರುಕು ಕೈ. ತೊಟ್ಟಿಲಿಗೆ ಅವನು ಗಿಳಿ ಕೆತ್ತುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು.

"ಮೋನಪ್ಪಾ, ಕೋಲು ತಗೋ," ಎಂದು ಅಣ್ಣ ಹೇಳಿದರೆ ಅವನು ನಗುತ್ತಿದ್ದ.

"ಕಟಗಿ ನನ್ನ ಬೆರಳಿನ ಕೂಡ ಮಾತಾಡತೈತಿ ಅಣ್ಣಾ. ಕೋಲಿಗೆ ಏನ್ ತಿಳಿತೈತಿ?"

ಒಂದು ಮಧ್ಯಾಹ್ನ ಕಾಳಪ್ಪ ಮರ ತರಲು ದಾಂಡೇಲಿಗೆ ಹೋಗಿದ್ದ. ಮೋನಪ್ಪ ಸಣ್ಣ ಪಟ್ಟಿ ಕೊಯ್ಯುತ್ತಿದ್ದ. ನಾನು ಅವನ ಮೊಣಕೈ ಪಕ್ಕದಲ್ಲೇ ಬಿದ್ದಿದ್ದೆ. ಹಲಗೆಯೊಳಗೆ ಗಂಟಿತ್ತು. ಚಕ್ರ ಅದಕ್ಕೆ ತಾಗಿದ್ದೇ ಹಲಗೆ ಹಿಂದಕ್ಕೆ ಸಿಡಿಯಿತು. ಅದನ್ನು ಒತ್ತಿದ್ದ ಬಲಗೈ ಮುಂದಕ್ಕೆ ಜಾರಿತು. ಹಿತ್ತಲ ಅಡುಗೆಮನೆಯಿಂದ ಅವನ ಹೆಂಡತಿ ಶಾವಂತ್ರವ್ವ ಓಡಿಬಂದು ಸೆರಗಿನಿಂದ ಕೈ ಸುತ್ತಿದಳು. ಮೂರು ಬೆರಳು ಹೋಗಿದ್ದವು.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಕಾರ್ಖಾನೆಯ ಹೊಸ್ತಿಲು ದಾಟಲಿಲ್ಲ. ಕೈಯನ್ನು ಟವೆಲ್ಲಿನಡಿ ಮುಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಒಬ್ಬನೇ ದುಡಿದು ಕಾಳಪ್ಪ ಸೋತ.

"ನನಗ ಕಲಸ್ರಿ ಬಾವಾರ," ಎಂದಳು ಶಾವಂತ್ರವ್ವ.

"ಆಕಿ ಮಷೀನಿಗೆ ಕೈ ಹಚ್ಚಬಾರದು!" ಕಟ್ಟೆಯಿಂದ ಮೋನಪ್ಪ ಕೂಗಿದ.

"ಕೈ ಹಚ್ಚೂದಿಲ್ಲ. ಕೋಲು ಹಚ್ಚತೀನಿ."

ಹೀಗೆ ನಾನು ಅವಳ ಕೈಸೇರಿದೆ. ಬಳೆ ತೆಗೆದಿಟ್ಟು, ಸೆರಗು ಬಿಗಿಯಾಗಿ ಸಿಕ್ಕಿಸಿ ಅವಳು ನಿಲ್ಲುತ್ತಿದ್ದಳು. ಚಕ್ರ ಪೂರ್ತಿ ನಿಲ್ಲುವವರೆಗೆ ಚೂರೊಂದನ್ನೂ ಎತ್ತುತ್ತಿರಲಿಲ್ಲ. ಗರಗಸದ ಸದ್ದು ಎದ್ದಾಗಲೆಲ್ಲ ಕಟ್ಟೆಯ ಮೇಲಿನ ಗಂಡ ಮುಖ ತಿರುಗಿಸುತ್ತಿದ್ದ. ಅವಳು ಕೆಲಸ ಕಲಿತಳು. ಮಂಚದ ಕಾಲಿಗೆ, ಕಿಟಕಿಗೆ ಅವಳನ್ನೇ ಕೇಳಿಕೊಂಡು ಜನ ಬರತೊಡಗಿದರು.

ಹಲವು ಮಳೆಗಾಲ ಕಳೆದವು. ಒಂದು ದಿನ ಹಲಗೆ ಮತ್ತೆ ಸಿಡಿಯಿತು. ಫಟ್ಟೆಂದು ಸದ್ದಾಯಿತು, ಚಕ್ರ ನನ್ನ ಮುಂದಲೆಯನ್ನೇ ಕಿತ್ತೊಯ್ದಿತು. ಶಾವಂತ್ರವ್ವ ಗುಂಡಿ ಒತ್ತಿ ಗರಗಸ ನಿಲ್ಲಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಕೈ ನೋಡಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಮೋನಪ್ಪ ಹೊಸ್ತಿಲು ದಾಟಿ ಓಡಿಬಂದ. ಅವಳ ಅಂಗೈ ಬಿಡಿಸಿ, ಉಳಿದ ಎರಡು ಬೆರಳಿನಿಂದ ಅವಳ ಒಂದೊಂದೇ ಬೆರಳನ್ನು ಒತ್ತಿ ನೋಡಿದ.

"ಅದಾವ. ಎಲ್ಲಾ ಅದಾವ," ಎಂದ. ಆಮೇಲೆ ಮರದ ಹೊಟ್ಟಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತ. ತನ್ನ ಬೆರಳು ಹೋದ ದಿನವೂ ಅವನು ಅಳುವುದನ್ನು ನಾನು ಕೇಳಿರಲಿಲ್ಲ.

ಮರುದಿನ ಅವನು ಒಳಗೆ ಬಂದು, ಎಡಗೈಯಿಂದ ಹೊಸ ತಳ್ಳುಕೋಲು ಮಾಡಿದ. ಹಿಡಿಕೆ ಸ್ವಲ್ಪ ಸೊಟ್ಟ. ಅವಳು ಅದನ್ನೇ ಬಳಸುತ್ತಾಳೆ.

ನಾನೀಗ ಮುಂದಲೆಯಿಲ್ಲದ ಮುದಿಕೋಲು. ಅಡುಗೆಮನೆಯ ಕಿಟಕಿ ಬಾಗಿಲು ಮುಚ್ಚದಂತೆ ಆನಿಸಿಟ್ಟಿದ್ದಾರೆ. ನನಗೆ ಕೊರಗಿಲ್ಲ, ಮರದ ನೋವು ಮರದಲ್ಲೇ ಮುಗಿಯಿತು. ಬೆಳಗಾದರೆ ಶಾವಂತ್ರವ್ವ ಇಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಪಟಪಟ ಸದ್ದು ಹಿತ್ತಲಿಗೆಲ್ಲ ಕೇಳುತ್ತದೆ. ಎರಡೂ ಕೈಯ ಸದ್ದು.