ನಡುಗು ಗಾಲಿ

ಬಸಿಯ ಅಂಚಿನವರೆಗೂ ಬಂದು ಹಿಂದೆ ಸರಿಯುತ್ತಿದೆ ಚಹಾ, ಒಂದು ಹನಿಯೂ ಇನ್ನೂ ಹೊರಗೆ ಬಿದ್ದಿಲ್ಲ, ಸಣ್ಣ ಉಂಗುರಗಳು ನಡುವಿನಿಂದ ಎದ್ದು ಅಂಚಿಗೆ ಬಡಿದು ಮತ್ತೆ ನಡುವಿಗೆ — ಎಣಿಸಬಾರದು ಅಂದುಕೊಂಡೇ ಎಣಿಸುತ್ತಾನೆ ಇಮಾಮಹುಸೇನ, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಮ್ಮೆ ಜಿಗಿಯುವಷ್ಟರಲ್ಲಿ ಐದು — ಹಿಡೀರಿ ಇಮಾಮಣ್ಣ, ಹಂಗ ನೋಡ್ಕೋತ ಕುಂತ್ರ ಆರಿ ಹೋಗತೈತಿ, ಮೇಳದ ಹಾಡುಗಾರ್ತಿ ಶಾಂಭವಿ ಅಕ್ಕಾರು ನಗುತ್ತಾರೆ, ಕಪ್ಪಿನ ಚಹಾ ಬಸಿಗೆ ಸುರಿದು ಕೊಡುವುದು ಹತ್ತೊಂಬತ್ತು ವರ್ಷದ ರೂಢಿ, ಅವರ ಕೈ ನಡುಗತೊಡಗಿ ಎಂಟು ತಿಂಗಳಾದರೂ ಬಿಟ್ಟಿಲ್ಲ. ಅವನು ಕುಡಿಯುತ್ತಾನೆ, ನಾಲಿಗೆ ಸುಡುತ್ತದೆ, ಎದುರಿನ ಟೀಪಾಯಿಯ ಮೇಲೆ ಕೀಬೋರ್ಡು, ಕೇಶ್ವಾಪುರದ ತನ್ನ ಕೋಣೆಯಿಂದ ಧಾರವಾಡದ ಅಕ್ಕಾರ ಮನೆಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು, ಅದಕ್ಕೆ ಸುಲ್ತಾನಾಳ ಶಾಲು ಸುತ್ತಿ — ಹೆಂಡತಿ ತೀರಿಕೊಂಡು ಆರು ವರ್ಷ, ಶಾಲಿನಲ್ಲಿ ಈಗ ಅವಳ ವಾಸನೆಯೂ ಇಲ್ಲ, ಬರೀ ವೈರಿನ ವಾಸನೆ. ಸೋಮವಾರದಿಂದ ಶನಿವಾರದವರೆಗೆ ಆ ಕೋಣೆಯಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುವುದಿಲ್ಲ, ರವಿವಾರ ಈ ಮನೆಯಲ್ಲಿ ಕರೆಯುತ್ತಾರೆ, ಹಿಡೀರಿ ಇಮಾಮಣ್ಣ, ಮತ್ತೊಂದೀಟು ಹಾಕ್ಲೇನು ಇಮಾಮಣ್ಣ.

ಕೀಬೋರ್ಡಿನ ಎಡ ತುದಿಯಲ್ಲಿ ಎರಡು ಗಾಲಿ. ಮೊದಲನೆಯದು ಸ್ವರವನ್ನು ಮೇಲೆ ಕೆಳಗೆ ಬಾಗಿಸುತ್ತದೆ, ಬೆರಳು ತೆಗೆದರೆ ಸ್ಪ್ರಿಂಗಿನಿಂದ ತಾನೇ ನಡುವಿಗೆ ಬರುತ್ತದೆ, ಎರಡನೆಯದು ಮಾಡ್ಯುಲೇಷನ್, ಮೇಲೆ ತಳ್ಳಿದಷ್ಟೂ ಸ್ವರ ನಡುಗುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ, ಮೇಳದವರು ಅದಕ್ಕಿಟ್ಟ ಹೆಸರು ನಡುಗು ಗಾಲಿ — ಏ ಇಮಾಮ, ನಿನ್ನ ಎಡಗೈಗೂ ಆ ಗಾಲಿಗೂ ಲಗ್ನಾ ಮಾಡಿಬಿಡೋಣೇನಲೇ, ಬಿಟ್ಟಿರೂದ ಇಲ್ಲಲ್ಲ, ತಬಲಾದ ಗುರುಬಸವ ಎಷ್ಟು ಸಲ ಕಾಡಿದ್ದಾನೆ, ಎಲ್ಲರ ಜೊತೆ ಇವನೂ ನಕ್ಕಿದ್ದಾನೆ. ಮೂರು ವರ್ಷದ ಹಿಂದೆ, ಯಾರದೋ ಮಗಳ ಲಗ್ನದ ರಿಸೆಪ್ಶನ್, ಅಕ್ಕಾರು ಮೇಲಿನ ಷಡ್ಜ ಹಿಡಿದರು, ದನಿ ನಡುಗಿತು, ಮಾತಿನಲ್ಲಿ ಏನೂ ಇರಲಿಲ್ಲ, ಉದ್ದ ಎಳೆದಾಗ ಮಾತ್ರ, ಮುಂದಿನ ಸಾಲಿನ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು, ಅವನು ತಕ್ಷಣ ಅದೇ ಸ್ವರದಲ್ಲಿ ಕೊಳಲಿನ ನಾದ ಸೇರಿಸಿ ಗಾಲಿ ತಳ್ಳಿದ, ಅವತ್ತಿನ ಮಟ್ಟಿಗೆ ಅಂದುಕೊಂಡಿದ್ದ. ಗಾಲಿ ನಡುಕದ ಆಳವನ್ನಷ್ಟೇ ಬದಲಿಸುತ್ತದೆ, ವೇಗವನ್ನು ಬೇರೆ ಬಟನ್ ಒತ್ತಿ ಹೊಂದಿಸಬೇಕು, ಹೊಂದಿಸಿದ, ಅಕ್ಕಾರ ದನಿ ಎಷ್ಟು ವೇಗವಾಗಿ ನಡುಗುತ್ತದೋ ಅಷ್ಟಕ್ಕೇ, ಸೆಕೆಂಡಿಗೆ ಐದು, ಆಮೇಲೆ ಪ್ರತಿ ಕಾರ್ಯಕ್ರಮದಲ್ಲೂ, ಅವರು ತಮ್ಮ ದನಿ ಕೇಳಿಸಿಕೊಳ್ಳಲು ಮುಂದಿಟ್ಟ ಮಾನಿಟರ್ ಸ್ಪೀಕರಿನಲ್ಲಿ ಕೊಳಲು ಜಾಸ್ತಿ, ಅವರ ದನಿ ಕಡಿಮೆ. ಜನ ಅದನ್ನು ಗಮಕ ಅಂದರು. ಅಕ್ಕಾರ ದನಿಯಾಗ ಈಗ ಜೇನ ಇಳದೈತಿ ನೋಡ್ರಿ, ಗುರುಬಸವ ಅಂದ, ಅಕ್ಕಾರು ನಾಚಿದರು, ನಂಬಿದರು. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಹೇಳಿಕೊಂಡಿದ್ದ, ವಯಸ್ಸಿನ ನಡುಕ, ಮುಚ್ಚಿದರೇನು ತಪ್ಪು ಎಂದು — ಖರೇ ಎಂದರೆ ಅಕ್ಕಾರು ಹಾಡು ನಿಲ್ಲಿಸಿದರೆ ಮೇಳವೂ ನಿಲ್ಲುತ್ತದೆ, ರವಿವಾರವೂ ನಿಲ್ಲುತ್ತದೆ, ಬಸಿಯೂ.

ಮೊನ್ನೆ ಗುರುವಾರ ಅಕ್ಕಾರ ಜೊತೆ ಹೋಗಿದ್ದ, ನರರೋಗದ ಡಾಕ್ಟರು ಆ ಎಂದು ಉದ್ದ ಎಳೆಯಿಸಿ ಕೇಳಿದರು, ದನಿ ಯಾವಾಗಿಂದ ನಡುಗಾಕತ್ತೈತ್ರಿ, ಅಕ್ಕಾರು ಬೆಚ್ಚಿದರು, ದನಿಗೆ ಏನಾಗೇತ್ರಿ, ಕೈಯಷ್ಟ, ಎಂಟು ತಿಂಗಳಾತು, ಬೇಕಾರ ಇವರನ್ನ ಕೇಳ್ರಿ, ನನ್ನ ದನಿ ನನಗಿಂತ ಇವರಿಗೆ ಗೊತ್ತು. ಡಾಕ್ಟರು ಅವನ ಕಡೆ ತಿರುಗಿದರು. ಫೈಲು ಅವನ ಕೈಯಲ್ಲಿತ್ತು, ಫ್ಯಾನು ತಿರುಗುತ್ತಿತ್ತು, ಹೌದ್ರಿ ಸರ, ದನಿ ಛಲೋ ಐತ್ರಿ, ಅಂದ — ಅಂದೇಬಿಟ್ಟ. ಎಂಟು ತಿಂಗಳು ಎಂದು ಬರೆದುಕೊಂಡು ಡಾಕ್ಟರು ಪೆನ್ನು ಎತ್ತಿದರು, ಸುರುವಾದದ್ದು ಖಚಿತ ಗೊತ್ತಾಗಬೇಕು, ಮನ್ಯಾಗ ಕುಂತು ನೆನಪು ಮಾಡ್ಕೊಂಡು ಸೋಮವಾರ ಬರ್ರಿ, ಅದರ ಮ್ಯಾಲೆ ಔಷಧ ಹೇಳ್ತೀನಿ. ಸೋಮವಾರ ಎಂದರೆ ನಾಳೆ. ಇವತ್ತು ಬಸ್ಸಿನಲ್ಲಿ ಮಾತು ಜೋಡಿಸುತ್ತಲೇ ಬಂದ, ಅಕ್ಕಾರ ಒಂದು ಮಾತು ಹೇಳೂದಿತ್ರಿ, ನವನಗರ ಬಂತು, ಹೇಳೂದಿತ್ರಿ, ಉಣಕಲ್ಲು ಆಗಲೇ ದಾಟಿತ್ತು, ಮಾತು ಅಲ್ಲೇ ನಿಂತಿತ್ತು.

ನಮ್ಮ ಪದ ಬಾರಿಸ್ರಲಾ, ಅನ್ನುತ್ತಾರೆ ಅಕ್ಕಾರು, ಎರಡನೇ ಸಲ ಬಸಿಗೆ ಚಹಾ ಸುರಿಯುತ್ತ, ಕೀಬೋರ್ಡಿನತ್ತ ನೋಡಿ, ನಿಮ್ಮ ಪೆಟಗಿ ಜೋಡಿ ಇದ್ರ ನನಗ ಯಾ ಬ್ಯಾನಿನೂ ಇಲ್ಲ. ನಡುಗು ಗಾಲಿ ಹೋದ ಕಾರ್ಯಕ್ರಮದಲ್ಲಿ ಬಿಟ್ಟಲ್ಲೇ ನಿಂತಿದೆ, ಮುಕ್ಕಾಲು ಮೇಲೆ. ಬೆರಳು ಅದರ ಮೇಲಿದೆ. ಬಾಯಿಂದ ಆಗದ್ದು — ಅವನು ಗಾಲಿಯನ್ನು ಕೆಳಗೆಳೆಯುತ್ತಾನೆ, ತಳ ಮುಟ್ಟುವವರೆಗೆ, ಕೊಳಲು ತೆಗೆದು ಬರೀ ಶ್ರುತಿ ಹಿಡಿಯುತ್ತಾನೆ, ನೆಟ್ಟಗೆ, ಗೆರೆ ಎಳೆದ ಹಾಗೆ. ಅಕ್ಕಾರು ಬಸಿ ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿ ಹಾಡುತ್ತಾರೆ, ಮೊದಲ ಸಾಲು ಸರಿ ಹೋಗುತ್ತದೆ, ಮೇಲಿನ ಷಡ್ಜಕ್ಕೆ ಏರಿ ನಿಲ್ಲುತ್ತಾರೆ, ನಿಂತ ದನಿ ನಡುಗುತ್ತದೆ, ಅದರ ಪಕ್ಕದಲ್ಲಿ ಶ್ರುತಿ ನಡುಗುವುದಿಲ್ಲ. ಕಣ್ಣು ತೆರೆದರು. ಇನ್ನೊಮ್ಮೆ ಅದೇ ಸ್ವರ ಹಿಡಿದರು, ಬೇರೆಯವರ ದನಿ ಕೇಳುವವರ ಹಾಗೆ ತಲೆ ವಾಲಿಸಿ ಕೇಳಿದರು. ಆಮೇಲೆ ನೋಡಿದ್ದು ಅವನ ಮುಖವನ್ನಲ್ಲ, ಗಾಲಿಯನ್ನು. ಎಷ್ಟು ವರ್ಷಾತು ಇಮಾಮಣ್ಣ. ಮೂರ್ರಿ, ಅಂದ. ಶ್ರುತಿಯಿಂದ ಬೆರಳು ತೆಗೆದ, ಬಸಿ ಹಿಡಿಯಲು ಅವನ ಕೈ ಅಭ್ಯಾಸದಿಂದ ಮುಂದೆ ಹೋಗಿದೆ, ಹಿಡೀರಿ ಅನ್ನಬೇಕಿತ್ತು, ಅನ್ನುತ್ತಿಲ್ಲ, ಬಸಿ ಅವರ ಕೈಯಲ್ಲೇ ಇದೆ, ಚಹಾದ ಮೇಲೆ ಉಂಗುರಗಳು, ಗಡಿಯಾರದ ಮುಳ್ಳು ಒಮ್ಮೆ ಜಿಗಿಯುವಷ್ಟರಲ್ಲಿ ಐದು, ಮತ್ತೆ ಐದು, ಅಂಚಿಗೆ ಬಂದು ನಿಂತ ಒಂದು ಹನಿ —