ಬೀಳು, ನಾನಿದ್ದೇನೆ

ಮಾಸ್ಟರ್ ಕಾರ್ಡ್ ಇಲ್ಲದೆ ತಾರಾಗಣ ಆಡುವವಳಿಗೆ ತಲೆ ಕೆಟ್ಟಿರಬೇಕು ಎಂದು ನನ್ನ ಜೊತೆ ಕೆಲಸ ಮಾಡುವವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ನಾನು ಇಲ್ಲವೆನ್ನಲಿಲ್ಲ. ಕಾರಣ ಹೇಳುತ್ತ ಕೂರುವುದಕ್ಕಿಂತ ಹುಚ್ಚಿ ಅನ್ನಿಸಿಕೊಳ್ಳುವುದೇ ಸುಲಭವಾಗಿತ್ತು.

ತಾರಾಗಣ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜನ ಮೆಚ್ಚಿದ ಸಿನಿಮಾಗಳ ಪಾತ್ರಗಳೆಲ್ಲ ಇದರಲ್ಲಿ ಕಾರ್ಡುಗಳಾಗಿವೆ. ಪೊಟ್ಟಣ ಒಡೆದರೆ ಒಳಗೆ ಯಾರಿರುತ್ತಾರೋ ಹೇಳಲಾಗದು. ಗಾಜುಗಣ್ಣನೆಂಬ ಖಳನಾಯಕ ಸಿಗಬಹುದು, ಹಾಡುತ್ತಲೇ ಆಪರೇಷನ್ ಮಾಡುವ ಡಾಕ್ಟರು ಸಿಗಬಹುದು, ಇಲ್ಲವೇ ಪೊಟ್ಟಣ ಪೊಟ್ಟಣದಲ್ಲೂ ಅದೇ ಅಳುಬುರುಕಿ ಅತ್ತಿಗೆ ಸಿಗಬಹುದು. ಇಬ್ಬರು ಎದುರು ಬದುರು ಕೂತು ತಮ್ಮ ಪಾತ್ರಗಳನ್ನು ಮೇಜಿಗಿಳಿಸಿ ಕಾದಾಡಿಸುತ್ತಾರೆ. ಸೋತ ಪಾತ್ರ ಬೀಳುತ್ತದೆ, ಬಿದ್ದವರ ರಾಶಿಗೆ ಹೋಗುತ್ತದೆ. ಯಾರ ಕಡೆ ನಿಂತವರೇ ಉಳಿಯಲಿಲ್ಲವೋ ಅವರು ಸೋತ ಹಾಗೆ. ಮಾಸ್ಟರ್ ಮಾತ್ರ ಕಾದಾಡುವುದಿಲ್ಲ. ಅವನು ಮೇಜಿನ ಮೇಲಿದ್ದರೆ ಸಾಕು, ನಿಮ್ಮ ಕಡೆ ಬಿದ್ದವರು ರಾಶಿಗೆ ಹೋಗದೆ ಮತ್ತೆ ನಿಮ್ಮ ಕೈಗೆ ಬರುತ್ತಾರೆ. ದಪ್ಪ ಮೀಸೆಯ ಗಂಡಸೊಬ್ಬ ಎರಡೂ ತೋಳು ಚಾಚಿ ನಿಂತಿರುವ ಚಿತ್ರ ಅದು. ಪ್ರತಿ ಕಾರ್ಡಿನ ಅಡಿಯಲ್ಲೂ ಆ ಪಾತ್ರದ ಒಂದು ಮಾತು ಅಚ್ಚಾಗಿರುತ್ತದೆ. ಇವನದು: 'ಬೀಳು, ನಾನಿದ್ದೇನೆ.'

ಆ ಮೀಸೆಯವನು ಯಾವ ಸಿನಿಮಾದ ಪಾತ್ರವೂ ಅಲ್ಲ. ಸಿನಿಮಾಗಳಿಗೆ ಹೊಡೆದಾಟ ಮಾಡಿಸುತ್ತಿದ್ದ ಸ್ಟಂಟ್ ಮಾಸ್ಟರ್. ವಯಸ್ಸಾದ ಮೇಲೆ ಕಾರ್ಡು ಕಂಪನಿ ತೆರೆದು, ತಾನು ಕೆಲಸ ಮಾಡಿದ ಸಿನಿಮಾಗಳ ಪಾತ್ರಗಳನ್ನೆಲ್ಲ ಪೊಟ್ಟಣ ಕಟ್ಟಿ, ನಡುವೆ ತನ್ನನ್ನೂ ತುರುಕಿಕೊಂಡ. ಅವನನ್ನು ನಂಬಿ ಹಾರಿ ಸೊಂಟ ಮುರಿದುಕೊಂಡವನು ನನ್ನ ಅಪ್ಪ.

ಅಪ್ಪ ಡೂಪ್ ಆಗಿದ್ದ. ನಾಯಕ ಹಾರಬೇಕಾದಾಗ ನಾಯಕನ ಅಂಗಿ ತೊಟ್ಟು ಹಾರುವುದು ಅವನ ಕೆಲಸ. ಸೆಟ್ಟಿನಲ್ಲಿ ಅವನನ್ನು ಎಲ್ಲರೂ ಹಕ್ಕಿ ಎಂದು ಕರೆಯುತ್ತಿದ್ದರು. ಎತ್ತರದಿಂದ ಹಾರುವಾಗ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ, ಮೇಲೆ ಹಾಸಿಗೆ ಹಾಸಿರುತ್ತಾರೆ. ಹಾರುವವನು ಕೆಳಗೆ ನೋಡುವಂತಿಲ್ಲ. ನೋಡಿದರೆ ಮೈ ತಡೆಯುತ್ತದೆ, ಹಾರಿಕೆ ಕೆಡುತ್ತದೆ. ಅದಕ್ಕೇ ಅವರಲ್ಲಿ ಒಂದು ಪದ್ಧತಿ. ಕೆಳಗಿರುವ ಮಾಸ್ಟರ್ ಪೆಟ್ಟಿಗೆಗಳನ್ನು ಮುಟ್ಟಿ ನೋಡಿ 'ಇದೆ' ಎಂದು ಕೂಗಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ ಹಾರಬೇಕು.

ಅವತ್ತು ನಾಯಕನದು ಕೆಂಪು ಅಂಗಿ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರಿ, ಅಂಚು ತಪ್ಪಿ ಬೀದಿಗೆ ಬೀಳುವ ದೃಶ್ಯ. ಪೆಟ್ಟಿಗೆಗಳು ಚಿತ್ರದೊಳಗೆ ಕಾಣಿಸುತ್ತಿವೆ ಎಂದು ಕ್ಯಾಮೆರಾದವರು ಗೊಣಗಿದರು. ಹುಡುಗರು ಅವನ್ನು ಗೋಡೆಯ ಕಡೆಗೆ ಎಳೆದರು. ಬಿಸಿಲು ಇಳಿಯುತ್ತಿತ್ತು, ಎಲ್ಲರಿಗೂ ಅವಸರ. ಮಾಸ್ಟರ್ ಕ್ಯಾಮೆರಾದ ಪಕ್ಕ ನಿಂತು, ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡದೆ, ದಿನಾ ಕೂಗುವ ಹಾಗೆಯೇ 'ಇದೆ' ಎಂದು ಕೂಗಿದ. ಇರಲಿಲ್ಲ.

ಆ ಹಾರಿಕೆಯನ್ನು ಅವರು ಸಿನಿಮಾದಲ್ಲಿ ಹಾಗೆಯೇ ಉಳಿಸಿಕೊಂಡರು. ಜನ ಶಿಳ್ಳೆ ಹೊಡೆದು ನೋಡಿದರು. ಇವತ್ತು ತಾರಾಗಣದಲ್ಲಿ ಎಲ್ಲರೂ ಬಾಯಿ ಬಾಯಿ ಬಿಡುವ ಕಾರ್ಡು ಅದೇ, ಕೆಂಪಂಗಿ. ಚಿತ್ರದಲ್ಲಿ ಹಾರುತ್ತಿರುವುದು ನನ್ನ ಅಪ್ಪನ ಬೆನ್ನು, ಕೆಳಗೆ ಇರುವುದು ನಾಯಕನ ಹೆಸರು. ಇಷ್ಟಾಗಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿರ್ಮಾಪಕ ಏನಾಯಿತೆಂದು ಕೇಳಿದಾಗ ಮಾಸ್ಟರ್ ಹೇಳಿದ್ದು ಒಂದೇ ಮಾತು: "ಕುಡಿದು ಹಾರ್ದ, ನಾನೇನ್ ಮಾಡ್ಲಿ?"

ಅಪ್ಪ ಕೆಮ್ಮಿನ ಔಷಧಿಯನ್ನೂ ವಾಸನೆ ಎಂದು ದೂರ ತಳ್ಳುವ ಮನುಷ್ಯ. ಆದರೂ ಆ ಮಾತು ನಮಗಿಂತ ಮೊದಲು ಮನೆ ತಲುಪಿತ್ತು. ಸೊಂಟ ಕೂಡಿದ ಮೇಲೂ ಯಾರೂ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ, ಸೆಟ್ಟಿನ ಬಾಗಿಲು ಕಾಯುವುದಕ್ಕೂ ಕರೆಯಲಿಲ್ಲ. ನಮ್ಮ ಸೋದರಮಾವನಂತೂ ಇವತ್ತಿಗೂ ಅಪ್ಪನ ಪಕ್ಕ ಕೂತಾಗ ಮೂಗು ಅರಳಿಸುತ್ತಾನೆ. ಮಾತಾಡುವ ನೆಪದಲ್ಲಿ ಬಗ್ಗಿ ಬಾಯಿಯ ವಾಸನೆ ಹಿಡಿಯುತ್ತಾನೆ. ಆ ಮೂಗನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ. ಸೇಡು ಎಂಬ ಮಾತನ್ನು ಸಿನಿಮಾದವರು ಹಾಳು ಮಾಡಿದ್ದಾರೆ, ಆದರೂ ನನಗೆ ಬೇಕಾಗಿದ್ದದ್ದು ಅದೇ. ಕುಡಿದಿದ್ದ ಎಂಬ ಮಾತು ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲೆಲ್ಲ ಅದನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಬೇಕಾಗಿತ್ತು.

ದಾರಿ ತೋರಿಸಿದವನು ಮಾಸ್ಟರೇ. ದೊಡ್ಡ ಪಂದ್ಯದಲ್ಲಿ ಗೆದ್ದವರು ತಮಗೆ ಬೇಕಾದ ಒಂದು ಹೊಸ ಕಾರ್ಡು ಮಾಡಿಸಬಹುದು ಎಂದು ಕಂಪನಿ ಸಾರಿತು. ಪಾತ್ರ, ಅದರ ನಿಯಮ, ಅಡಿಯ ಮಾತು, ಮೂರೂ ಗೆದ್ದವರದೇ. "ಒಂದಕ್ಷರ ಬದಲಾಗಲ್ಲ, ಇದು ಮಾಸ್ಟರ್ ಮಾತು" ಎಂದು ಅವನು ಮೀಸೆ ತಿರುವುತ್ತ ಹೇಳಿದ್ದನ್ನು ಟೀವಿಯಲ್ಲಿ ಊರಿಗೆಲ್ಲ ತೋರಿಸಿದರು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಊಟದ ಬಿಡುವಿನಲ್ಲಿ ಜೊತೆಯವರೊಡನೆ ಆಡಿದೆ, ಮನೆಗೆ ಬಂದು ಅಪ್ಪನ ಜೊತೆ ಆಡಿದೆ. ಅಪ್ಪ ನನಗಿಂತ ಚೆನ್ನಾಗಿ ಆಡುತ್ತಿದ್ದ.

"ಆ ಮೀಸೆಯವನ ಕಾರ್ಡು ಒಳಗೆ ಬಂದ್ರೆ ನೋಡಿ, ಒಲೆಗೆ ಹಾಕ್ತೀನಿ" ಎಂದು ಅಮ್ಮ ಇಬ್ಬರಿಗೂ ಎಚ್ಚರಿಕೆ ಕೊಟ್ಟಿದ್ದಳು. ನನಗೂ ಅದು ಬೇಕಿರಲಿಲ್ಲ. ನನ್ನ ಬಲವೆಲ್ಲ ಗಾಜುಗಣ್ಣನಲ್ಲಿತ್ತು. ಅವನು ಮೇಜಿನ ಮೇಲೆ ನಿಂತಿರುವ ತನಕ ಎದುರಾಳಿಯ ಮಾಸ್ಟರ್ ಕೈಕಟ್ಟಿ ಕೂರಬೇಕು, ಯಾರನ್ನೂ ಎತ್ತುವಂತಿಲ್ಲ.

ಪಂದ್ಯದ ದಿನ ಅಪ್ಪ ಕೋಲೂರಿಕೊಂಡು ಜೊತೆಗೆ ಬಂದ. ದೊಡ್ಡ ಸಭಾಂಗಣ, ಸಾಲು ಸಾಲು ಮೇಜು, ವೇದಿಕೆಯ ಮೇಲೆ ಮಾಸ್ಟರ್. ಮೀಸೆ ಬೆಳ್ಳಗಾಗಿತ್ತು, ಜಂಬ ಹಾಗೇ ಇತ್ತು. ನಾನು ಒಬ್ಬೊಬ್ಬರನ್ನೇ ಮುಗಿಸುತ್ತ ಕೊನೆಯ ಸುತ್ತಿಗೆ ಬಂದೆ. ಎದುರಿಗೆ ಔಷಧಿ ಅಂಗಡಿಯವನು, ಹೋದ ಸಲ ಗೆದ್ದವನು. ಕೊನೆಯ ಸುತ್ತಿಗೆ ಮುಂಚೆ ಒಂದು ಕಾರ್ಡು ಬದಲಾಯಿಸಿಕೊಳ್ಳಲು ಎಲ್ಲರಿಗೂ ಅವಕಾಶವಿರುತ್ತದೆ. ನನಗೆ ಬೇಡವಾಗಿತ್ತು. ಕಟ್ಟನ್ನು ಅಪ್ಪನ ಕೈಗಿಟ್ಟು, ಕಲಸಿಡು ಎಂದು ಹೇಳಿ ಮುಖ ತೊಳೆಯಲು ಹೋದೆ.

ಬಂದಾಗ ಅಪ್ಪ ತೀರ್ಪುಗಾರ್ತಿಯ ಮೇಜಿನಿಂದ ಕುಂಟುತ್ತ ವಾಪಸು ಬರುತ್ತಿದ್ದ. ಕಟ್ಟನ್ನು ನನ್ನ ಅಂಗೈಗೆ ಒತ್ತಿ, "ಇದೆ. ಹೋಗು" ಅಂದ. ನಾನು ಬಿಚ್ಚಿ ನೋಡಲಿಲ್ಲ.

ಔಷಧಿ ಅಂಗಡಿಯವನು ಮೊದಲೇ ನನ್ನ ಆಟ ಅರೆದು ಕುಡಿದು ಬಂದಿದ್ದ. ಶುರುವಿನಲ್ಲೇ ಗಾಜುಗಣ್ಣನ ಮೇಲೆ ಮುಗಿಬಿದ್ದ. ಗಾಜುಗಣ್ಣ ಈಗಲೋ ಆಗಲೋ ಎಂಬಂತಿದ್ದ. ಡಾಕ್ಟರು ಆಗಲೇ ರಾಶಿ ಸೇರಿದ್ದರು, ಪಕ್ಕದಲ್ಲಿ ಅಳುಬುರುಕಿ ಅತ್ತಿಗೆ ಒಬ್ಬಳೇ ಇದ್ದಳು. ನಾನು ಮೇಲಿನ ಕಾರ್ಡು ತೆಗೆದೆ. ತೋಳು ಚಾಚಿದ ಮೀಸೆ.

ಸಿಟ್ಟು ನೆತ್ತಿಗೇರಿತು. ತಿರುಗಿ ನೋಡಿದರೆ ಅಪ್ಪ ಮೂರನೇ ಸಾಲಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದ. ಅಮ್ಮನ ಕಣ್ಣು ತಪ್ಪಿಸಿ ಆ ಕಾರ್ಡನ್ನು ಕನ್ನಡಕದ ಡಬ್ಬಿಯಲ್ಲೇ ಬಚ್ಚಿಟ್ಟುಕೊಂಡು ಬಂದು, ನಾನಿಲ್ಲದಾಗ ಬದಲಾಯಿಸಿ ಕಟ್ಟಿಗೆ ಸೇರಿಸಿದ್ದನಂತೆ. ಬಿಡುವಿಲ್ಲದ ಆ ಹೊತ್ತಿನಲ್ಲಿ ಅದೆಲ್ಲ ಕೇಳುವಂತಿರಲಿಲ್ಲ. ಇದೆ ಅಂದಿದ್ದ, ಇತ್ತು. ಹರಿದು ಬಿಸಾಡಬೇಕೆನ್ನಿಸಿದ್ದ ಕಾರ್ಡನ್ನು ಮೇಜಿನ ಮೇಲೆ ಇಟ್ಟೆ.

ವೇದಿಕೆಯ ಮೇಲೆ ಮಾಸ್ಟರ್ ಮೈಕ್ ಎಳೆದುಕೊಂಡ. "ನೋಡಿದ್ರಾ? ಬೆಳಗ್ಗೆಯಿಂದ ನಾನು ಬೇಡ ಅಂತಿದ್ದ ಹುಡುಗಿ, ಕೊನೆಗೂ ನನ್ನನ್ನೇ ಕರೆದ್ಲು!"

ಜನ ನಕ್ಕರು. ನಗಲಿ ಎಂದುಕೊಂಡೆ. ಗಾಜುಗಣ್ಣ ಬಿದ್ದ, ಕೈಗೆ ಬಂದ, ಮತ್ತೆ ಇಳಿಸಿದೆ. ಮತ್ತೆ ಬಿದ್ದ, ಮತ್ತೆ ಇಳಿಸಿದೆ. ಔಷಧಿ ಅಂಗಡಿಯವನ ಮಾಸ್ಟರ್ ಅಷ್ಟು ಹೊತ್ತೂ ಕೈಕಟ್ಟಿಕೊಂಡೇ ಕೂರಬೇಕಾಯಿತು, ಅವನ ಕಡೆ ಬಿದ್ದವರು ಬಿದ್ದಲ್ಲೇ ಉಳಿದರು. ಅವನ ಕೊನೆಯ ಪಾತ್ರ ಕೆಂಪಂಗಿ. ಗಾಯಗೊಂಡು ನಿಂತಿದ್ದ ಅದನ್ನು ಅತ್ತಿಗೆಯಿಂದ ಹೊಡೆಸಿದೆ. ಸಭಾಂಗಣದಲ್ಲಿ ನಗು, ಚಪ್ಪಾಳೆ ಎಲ್ಲ ಒಟ್ಟಿಗೇ ಎದ್ದವು.

ಮಾಸ್ಟರ್ ನನ್ನನ್ನು ಪಕ್ಕ ನಿಲ್ಲಿಸಿಕೊಂಡು ಕೇಳಿದ. "ಹೇಳಮ್ಮ, ಯಾರ ಕಾರ್ಡು ಬೇಕು?"

"ಡೂಪ್."

"ಯಾವ ಸಿನಿಮಾದ ಪಾತ್ರನಮ್ಮ ಅದು?"

"ಎಲ್ಲ ಸಿನಿಮಾದಲ್ಲೂ ಇರ್ತಾನೆ. ಚಿತ್ರಕ್ಕೆ ನೀವೇನೂ ಹುಡುಕಬೇಕಾಗಿಲ್ಲ. ಕೆಂಪಂಗಿಗೆ ಹಾಕಿದ್ದೀರಲ್ಲ, ಅದನ್ನೇ ಹಾಕಿ. ಹಾರಿದ್ದು ಅವನೇ."

ಅವನ ನಗು ಮುಖದಲ್ಲೇ ಒಣಗಿತು. ಕಣ್ಣು ಸಭೆಯ ಮೇಲೆ ಓಡಿ ಮೂರನೇ ಸಾಲಿನ ಕೋಲಿನ ಹತ್ತಿರ ನಿಂತಿತು. ನಾನು ಮೈಕನ್ನು ನನ್ನ ಕಡೆ ಎಳೆದುಕೊಂಡೆ. ಗಾಜು ಉಜ್ಜುವಾಗಲೆಲ್ಲ ತುಟಿಯೊಳಗೆ ಹೇಳಿಕೊಂಡಿದ್ದ ಮಾತು, ತಡವರಿಸಲಿಲ್ಲ.

"ನಿಯಮ ಇದು. ಡೂಪ್ ಬಿದ್ರೆ ಮಾಸ್ಟರ್ ಎತ್ತೋ ಹಾಗಿಲ್ಲ. ಅವನು ಬಿದ್ದ ಕೂಡಲೇ ಎರಡೂ ಕಡೆಯ ಮಾಸ್ಟರ್ ಆಟದಿಂದ ಔಟ್, ಮತ್ತೆ ಬರೋ ಹಾಗಿಲ್ಲ. ಅಡಿಯಲ್ಲಿ ಅವನ ಮಾತು: ನಾನು ಕುಡಿದಿರಲಿಲ್ಲ."

ನಿಯಮ ಕೇಳಿದ ಆಟಗಾರರು ಓ ಎಂದು ಕೂಗಿದರು. ಪ್ರತಿಯೊಬ್ಬರ ಕಟ್ಟಿನಲ್ಲೂ ಇದ್ದ ಮಾಸ್ಟರ್ ಅರೆಕ್ಷಣದಲ್ಲಿ ಬರೀ ರಟ್ಟಾಗಿದ್ದ. ಕೊನೆಯ ಮಾತು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನಿಗೆ ಆಗಿತ್ತು, ಇಂಗು ತಿಂದ ಮಂಗನಂತೆ ನಿಂತಿದ್ದ. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದೇನು?

ಮಾರನೆಯ ಬೆಳಗ್ಗೆ ಅವನು ನಮ್ಮ ಮನೆ ಬಾಗಿಲಿಗೇ ಬಂದ. ಎರಡೂ ಕೈ ತುಂಬ ಕಾರ್ಡು ಪೊಟ್ಟಣಗಳ ಡಬ್ಬ. ಅಮ್ಮ ಇಸ್ತ್ರಿ ಮಾಡುತ್ತಿದ್ದವಳು ತಲೆ ಎತ್ತಲಿಲ್ಲ, ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಕುಟ್ಟಿದಳು. ಅಪ್ಪ ಮಂಚದ ಮೇಲೆ ಕೂತಿದ್ದ.

"ಬನ್ನಿ ಮಾಸ್ಟ್ರೇ. ಕೂತ್ಕೊಳ್ಳಿ. ಹಿಂದೆ ಕುರ್ಚಿ ಇದೆ."

ಮಾಸ್ಟರ್ ಕೂರಲೆಂದು ಮೊಣಕಾಲು ಅರ್ಧ ಬಗ್ಗಿಸಿದವನು ಹಾಗೆಯೇ ತಡೆದ. ಕತ್ತು ತಿರುಗಿಸಿ ಹಿಂದೆ ನೋಡಿದ. ಡಬ್ಬವನ್ನು ಒಂದು ಕೈಗೆ ಮಾಡಿಕೊಂಡು ಇನ್ನೊಂದು ಕೈಯಿಂದ ಕುರ್ಚಿಯನ್ನು ಹತ್ತಿರ ಎಳೆದು, ಒತ್ತಿ ನೋಡಿ, ಆಮೇಲೆ ಕೂತ.

"ನೋಡ್ಕೊಂಡ್ರಲ್ಲ" ಎಂದ ಅಪ್ಪ.

"ಏನೋ?"

"ಇದೆ ಅಂದೆ. ಆದ್ರೂ ಹಿಂದೆ ತಿರುಗಿ ನೋಡ್ಕೊಂಡ್ರಿ. ನಾನು ನೋಡ್ಕೊಳ್ಳಲಿಲ್ಲ ಮಾಸ್ಟ್ರೇ."

ಅಮ್ಮನ ಇಸ್ತ್ರಿ ನಿಂತಿತು. ಮಾಸ್ಟರ್ ಡಬ್ಬದ ಮುಚ್ಚಳವನ್ನು ಉಗುರಿನಿಂದ ಕೆರೆದ.

"ಬೆಳಕು ಹೋಗ್ತಾ ಇತ್ತು ಕಣೋ ಹಕ್ಕಿ" ಎಂದ. "ಮುಟ್ಟಿ ನೋಡ್ಲಿಲ್ಲ. ಆಮೇಲೆ ಏನು ಹೇಳ್ಬೇಕೋ ತೋಚಲಿಲ್ಲ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಗೊತ್ತು."

"ನನ್ನ ಕಾರ್ಡು ಹೋಗ್ಲಿ, ಪರವಾಗಿಲ್ಲ. ಆ ಕೊನೇ ಮಾತೊಂದು ತೆಗೆಸು. ಜನ ಕೇಳ್ತಾರೆ, ಯಾರು ಕುಡಿದಿರಲಿಲ್ಲ, ಯಾರು ಕುಡಿದಿದ್ದ ಅಂದಿದ್ದು ಅಂತ. ಈ ವಯಸ್ಸಲ್ಲಿ ಎಲ್ಲಿ ಮುಖ ಇಟ್ಕೊಳ್ಳಲಿ?"

ಅಪ್ಪ ನನ್ನ ಕಡೆ ಗದ್ದ ತೋರಿಸಿದ. "ಕಾರ್ಡು ಇವಳದ್ದು. ಇವಳನ್ನ ಕೇಳಿ."

ಮುದುಕನ ಕಣ್ಣಲ್ಲಿ ನೀರಿತ್ತು. ಕರಗುತ್ತೇನೇನೋ ಎಂದು ನನಗೇ ಒಂದು ಕ್ಷಣ ಅನುಮಾನವಾಯಿತು. ಕರಗಲಿಲ್ಲ.

"ಒಂದಕ್ಷರ ಬದಲಾಗಲ್ಲ ಅಂದಿದ್ರಿ" ಎಂದೆ. "ಅದು ಮಾಸ್ಟರ್ ಮಾತು."

ಡಬ್ಬವನ್ನು ಅವನು ಮರೆತು ಹೋದನೋ ಬಿಟ್ಟು ಹೋದನೋ, ಅಮ್ಮ ಅದನ್ನು ಹಾಗೇ ಎತ್ತಿ ಬಾಗಿಲಾಚೆ ಇಟ್ಟು ಬಂದಳು.

ಡೂಪ್ ಕಾರ್ಡು ಒಂದಕ್ಷರವೂ ಬದಲಾಗದೆ ಬಂತು. ಜನ ಕೇಳಿದರು, ಕೇಳುತ್ತ ಹೋದಂತೆ ಹಳೆಯ ಸೆಟ್ಟಿನ ಹುಡುಗರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನಮ್ಮ ಅಂಗಡಿಯ ಊಟದ ಬಿಡುವಿನಲ್ಲಿ ದಿನಕ್ಕೆ ಒಂದು ಸಲವಾದರೂ ಯಾರೋ "ಡೂಪ್ ಬಿದ್ದ, ಮಾಸ್ಟರ್ ಔಟ್!" ಎಂದು ಕೂಗುತ್ತಾರೆ. ನನಗೆ ಅನ್ನ ಇನ್ನೂ ಎರಡು ತುತ್ತು ಹೆಚ್ಚು ಸೇರುತ್ತದೆ.

ಕಂಪನಿ ಕಳಿಸಿದ ಮೊದಲ ಕಾರ್ಡನ್ನು ಅಪ್ಪ ತನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡ. ಮುಂದಿನ ವಾರ ಸೋದರಮಾವ ಬಂದ. ಎಂದಿನಂತೆ ಅಪ್ಪನ ಪಕ್ಕ ಕೂತು, ಮೈಗೆ ಹೇಗಿದೆ ಭಾವ ಎಂದು ಬಗ್ಗಿದ. ಮೂಗು ಅರಳುವುದನ್ನೇ ಕಾಯುತ್ತಿದ್ದೆ. ಡಬ್ಬಿಯಿಂದ ಕಾರ್ಡು ತೆಗೆದು ಆ ಮೂಗಿನ ಕೆಳಗೇ ಹಿಡಿದೆ.

"ಮಾವ, ನನ್ನ ಕಣ್ಣಿಗೆ ಅಕ್ಷರ ಸಣ್ಣ. ಅಡಿಯಲ್ಲಿ ಏನಿದೆ, ಸ್ವಲ್ಪ ಜೋರಾಗಿ ಓದಿ."

ಮಾವ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದ.

"ನಾನು ಕುಡಿದಿರಲಿಲ್ಲ."

"ಇನ್ನೊಂದು ಸಲ" ಎಂದಳು ಅಮ್ಮ.