ಕನ್ನಡಕ ತೆಗೆದರೆ ಪಾಪವಿಲ್ಲ

ಔಷಧಿ ಅಂಗಡಿಯ ಯಜಮಾನನಿಗೆ ಕನ್ನಡಕವಿಲ್ಲದಿದ್ದರೆ ಎದುರಿಗಿರುವುದು ಹೆಂಡತಿಯೋ ತೂಕದ ಯಂತ್ರವೋ ತಿಳಿಯುತ್ತಿರಲಿಲ್ಲ. ಅಂಥವನು ದಿನಾ ನಾಲ್ಕಾರು ಸಲ ಕನ್ನಡಕ ತೆಗೆದು ಜೇಬಿಗಿಳಿಸಿ ಕೆಳಗಿನ ಗೂಡಿಗೆ ಕೈ ಹಾಕುತ್ತಿದ್ದ. ಅವಧಿ ಮುಗಿದ ಸರಕೆಲ್ಲ ಇದ್ದದ್ದು ಅದೇ ಗೂಡಿನಲ್ಲಿ. ಸ್ಟೂಲಿಗೆ ಎಡವಿ ಬೀಳುವ ಮಹಾಶಯನ ಕೈ ಆ ಗೂಡನ್ನು ಮಾತ್ರ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ವಾರಕ್ಕೊಮ್ಮೆ ಪ್ರವಚನ ಮಾಡುವ ಗುರುಗಳು. "ಅರಿತು ಮಾಡಿದ ಪಾಪ ಅಂಟುತ್ತೆ, ಅರಿಯದೆ ಮಾಡಿದ್ದು ತೊಳೆದುಹೋಗುತ್ತೆ. ಮನುಷ್ಯ ಕೆಟ್ಟಿದ್ದೇ ತಿಳುವಳಿಕೆಯಿಂದ" ಎಂದು ಅವರು ಅಪ್ಪಣೆ ಕೊಡಿಸಿದ್ದೇ ತಡ, ಮುಂದಿನ ಸಾಲಿನಲ್ಲಿ ಕೂತಿದ್ದ ಈತನಿಗೆ ಜ್ಞಾನೋದಯವಾಯಿತು. ಅದೂ ಎಂಥ ಜ್ಞಾನೋದಯ, ಅಜ್ಞಾನವೇ ಲಾಭ ಎಂಬುದು! ಅಂದಿನಿಂದ ಹಳೆಯ ಸರಕನ್ನು ಎಸೆಯುವುದು ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಹೆಂಡತಿ ತಾರೀಖಿನ ಮಾತೆತ್ತಿದರೆ ಎರಡೂ ಕಿವಿ ಮುಚ್ಚಿಕೊಳ್ಳುವನು.

"ಹೇಳ್ಬೇಡ ಕಣೇ! ನೀನು ಹೇಳಿದ್ರೆ ನಂಗೆ ಗೊತ್ತಾಗ್ಬಿಡುತ್ತೆ. ಗಂಡನ್ನ ಪಾಪಕ್ಕೆ ತಳ್ಳೋಕೆ ಅಷ್ಟು ಆಸೆನಾ ನಿಂಗೆ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ಆಕೆ ಕೇಳಿದ್ದಳು. ಅದಕ್ಕೆ ಧರ್ಮಸೂಕ್ಷ್ಮ ಬೇರೆ ಹೇಳುವ ಬೆಕ್ಕನ್ನು ಕಂಡದ್ದು ಮದುವೆಯಾದ ಮೇಲೆ. ಹೇಸಿಗೆಯಾಗುತ್ತಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ಚಿಲ್ಲರೆ ಎಣಿಸಿ ಕೊಡುತ್ತಿದ್ದಳು.

ಅವತ್ತು ಬೆಳಗ್ಗೆ ಎದುರು ಮನೆಯ ಟೈಲರಮ್ಮ ಓಡಿಬಂದಳು. ಮಗಳಿಗೆ ಕೆಂಡದಂಥ ಜ್ವರ. ಕನ್ನಡಕ ಜೇಬಿಗಿಳಿಯಿತು, ಕೆಳಗಿನ ಗೂಡಿನಿಂದ ಸಿರಪ್ಪಿನ ಬಾಟಲಿ ಹೊರಬಂತು. ಹೆಂಡತಿ ಬಾಯಿ ತೆರೆಯಲೋ ಬೇಡವೋ ಎನ್ನುವಷ್ಟರಲ್ಲಿ ಟೈಲರಮ್ಮ ರಸ್ತೆ ದಾಟಿಯಾಗಿತ್ತು.

ಅವಳ ಬೆನ್ನಿಗೇ ಗುರುಗಳು ಬಂದರು, ಮಂಡಿನೋವಿನ ಮಾತ್ರೆಗೆ. ಯಜಮಾನ ತಡಬಡಾಯಿಸಿ ಕನ್ನಡಕ ಏರಿಸಿಕೊಂಡು ಮೇಲಿನ ಗೂಡಿನಿಂದ ಹೊಸ ಮಾತ್ರೆ ತೆಗೆದುಕೊಟ್ಟ. ಗುರುಗಳು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ತಾರೀಖು ಓದಿದರು. ಹೇಳುವುದು ಶಾಸ್ತ್ರ, ಹಾಕುವುದು ಗಾಳ! ಊರಿಗೆಲ್ಲ ಅಜ್ಞಾನ ಹಂಚುವ ಮಹಾನುಭಾವರು ತಮ್ಮ ಮಂಡಿಯ ವಿಷಯದಲ್ಲಿ ಮಾತ್ರ ಜ್ಞಾನಮಾರ್ಗಿಗಳು.

ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

"ಗುರುಗಳೇ, ಒಂದು ಸಂಶಯ. ಯಾವಾಗ ಕಣ್ಣು ಮುಚ್ಕೋಬೇಕು ಅಂತ ಸರಿಯಾಗಿ ಗೊತ್ತಿರೋನಿಗೆ, ಪಾಪ, ಏನೂ ಗೊತ್ತಿಲ್ಲ ಅನ್ನಬಹುದಾ?"

ಗುರುಗಳು ಮಾತ್ರೆಯನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. "ಅದು ಬಹಳ ಸೂಕ್ಷ್ಮ ವಿಷಯ ತಾಯಿ. ಇನ್ನೊಂದ್ಸಲ ನೋಡೋಣ" ಎಂದವರೇ ಮಂಡಿನೋವನ್ನೂ ಮರೆತು ಮೆಟ್ಟಿಲಿಳಿದರು.

ಅವಳು ಮೇಲಿನ ಗೂಡಿನಿಂದ ಹೊಸ ಸಿರಪ್ಪು ತೆಗೆದುಕೊಂಡು ಹೊರಟಳು. ಗಂಡ ಅಡ್ಡ ಬಂದ.

"ಹೋಗಿ ಹೇಳಿದ್ರೆ ಪಾಪ ನಿನ್ನ ತಲೆಗೇ ಸುತ್ಕೊಳ್ಳುತ್ತೆ ನೋಡು!"

"ಸುತ್ಕೊಳ್ಳಲಿ ಬಿಡ್ರೀ. ನಿಮ್ಮ ತಲೆ ಖಾಲಿನೇ ಇರಲಿ."

ಟೈಲರಮ್ಮನ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಹಳೆಯ ಬಾಟಲಿ ನಿಂತಿತ್ತು, ಮುಚ್ಚಳದ ಸೀಲು ಒಡೆದಿರಲಿಲ್ಲ. ಕತ್ತರಿಸಿದ ರವಿಕೆ ತೋಳುಗಳ ರಾಶಿಯ ಪಕ್ಕ ಮಗು ನರಳುತ್ತ ಮಲಗಿತ್ತು. ಒಡೆಯದ ಸೀಲು ಕಂಡು ಯಜಮಾನನ ಹೆಂಡತಿಗೆ ಹೋದ ಜೀವ ಬಂದಂತಾಯಿತು.

"ಮುಚ್ಚಳ ತಿರುಗಿಸೋ ಹೊತ್ತಿಗೆ ತಾರೀಖು ಕಣ್ಣಿಗೆ ಬಿತ್ತು" ಎಂದಳು ಟೈಲರಮ್ಮ.

"ತಪ್ಪಾಯ್ತಮ್ಮ, ಇದು ಹೊಸದು, ಇದನ್ನ ಕೊಡು. ನಮ್ಮ ಯಜಮಾನ್ರಿಗೆ ಕನ್ನಡಕ ಇಲ್ದಿದ್ರೆ..." ಎಂದು ಶುರುಮಾಡಿದವಳ ನಾಲಿಗೆ ಅಲ್ಲೇ ನಿಂತಿತು. ಗಂಡನ ಮಾತು ತನ್ನ ಬಾಯಲ್ಲಿ ಇಷ್ಟು ಸಲೀಸಾಗಿ ಬಂದದ್ದು ಕಂಡು ತನ್ನ ಮೇಲೇ ಅಸಹ್ಯವಾಯಿತು.

"ಅವರ ಮಾತು ಬಿಡಿ ಅಕ್ಕ. ನೀವು ಅಲ್ಲೇ ಕೂತಿದ್ರಲ್ಲ, ನಿಮ್ಮ ಕಣ್ಣು ಚೆನ್ನಾಗೇ ಇದೆಯಲ್ಲ. ನಿಮಗೆ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ತೊಳೆದುಹೋಗುತ್ತಿತ್ತು.

"ಗೊತ್ತಿತ್ತು" ಎಂದಳು.

ಟೈಲರಮ್ಮ ಅವಳ ಕೈಯಿಂದ ಹೊಸ ಬಾಟಲಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಹಿಡಿದು ತಾರೀಖು ಓದಿದಳು.